ಹೀರೆ ಚಪ್ಪರದಲ್ಲಿ ಸೂರಕ್ಕಿ ಗೂಡು

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಹಿತ್ತಲಿಗೆ ಜೀವ ಬರುತ್ತದೆ. ಬೇವು ಹೂ ಬಿಡುತ್ತದೆ, ಹೊಂಗೆ ಚಿಗುರುತ್ತದೆ, ಬೆಳಕು ಹರಿಯುವ ಮೊದಲೇ ಕೋಗಿಲೆ ಶುರು. ಸುದ್ದಿ ಕಳಿಸುವ ಗಡಿಬಿಡಿ ಇಲ್ಲದ ಬೆಳಿಗ್ಗೆ ನಾವು ಕಾಫಿ ಲೋಟ ಹಿಡಿದು ಅಲ್ಲೇ ಕೂರುತ್ತೇವೆ.

ಈ ಸಲ ಹೀರೆ ಬಳ್ಳಿಗೆ ಹೇನು ಹತ್ತಿ ಎಲೆಗಳು ಮುರುಟಿದವು. ಪೇಟೆಯಿಂದ ಔಷಧಿ ತಂದು ಪಂಪಿಗೆ ನೀರು ತುಂಬಿಸುತ್ತಿದ್ದೆವು. ಅಷ್ಟರಲ್ಲಿ ಅಮ್ಮ ಕೂಗಿದರು: "ತಡೀರೋ, ಚಪ್ಪರದಲ್ಲಿ ಏನೋ ನೇತಾಡ್ತಿದೆ!"

ಸೂರಕ್ಕಿ ಗೂಡು. ನಾರು, ತೊಗಟೆ ಚೂರುಗಳನ್ನು ಜೇಡರ ಬಲೆಯಿಂದ ಬಿಗಿದ ಪುಟ್ಟ ಚೀಲ. ಪಕ್ಕದ ಕಿಂಡಿಯಲ್ಲಿ ಎರಡು ಮರಿಗಳ ಕೊಕ್ಕು.

ಸೂರಕ್ಕಿ ಹೂವಿನ ಮಕರಂದ ಹೀರುವ ಹಕ್ಕಿ ಅಂತಷ್ಟೇ ನಮಗೆ ಗೊತ್ತಿತ್ತು. ದೂರ ಕೂತು ನೋಡಿದಾಗ ತಿಳಿಯಿತು, ಗಂಡು ಹೆಣ್ಣು ಎರಡೂ ಮರಿಗಳಿಗೆ ತರುತ್ತಿದ್ದದ್ದು ಸಣ್ಣ ಹುಳ, ಜೇಡ. ಔಷಧಿ ಹೊಡೆದಿದ್ದರೆ ಆ ವಿಷ ನೇರ ಮರಿಗಳ ಬಾಯಿಗೇ ಹೋಗುತ್ತಿತ್ತು.

ಪಂಪು ಮೂಲೆ ಸೇರಿತು. ಹೇನು ಹತ್ತಿದ ಕುಡಿಗಳನ್ನು ಚಿವುಟಿ ಹಾಕಿದೆವು. ಗೂಡಿನಿಂದ ದೂರವಿದ್ದ ಎಲೆಗಳನ್ನು ಬರೀ ನೀರಲ್ಲಿ ತೊಳೆದೆವು. ಕಾಯಿ ಕಡಿಮೆಯೇ ಬಂತು. ಸಂತೆಗೆ ಒಯ್ಯುವಷ್ಟು ಆಗಲಿಲ್ಲ, ಮನೆಯ ಸಾರು ಚಟ್ನಿಗೆ ಸಾಕಾಯಿತು. ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಗೂಡು ಖಾಲಿ, ಮರಿಗಳು ದಾಸವಾಳದ ಗಿಡದಲ್ಲಿ!

ಬೆಳೆಗೆ ರೋಗ ಬಂತು, ಯಾವ ಔಷಧಿ ಹೊಡೆಯಬೇಕು ಎಂದು ಎಷ್ಟೋ ಸುದ್ದಿ ಬರೆದಿದ್ದೇವೆ. ಹೊಡೆಯುವ ಮೊದಲು ಬಳ್ಳಿಯೊಳಗೆ ಒಮ್ಮೆ ಇಣುಕಿ ನೋಡಿ ಎಂದು ಬರೆದಿರಲಿಲ್ಲ. ಈಗ ಬರೆದೆವು.