ಮಸಿ ಮೆತ್ತಿದ ಬೆರಳುಗಳು

ನಮ್ಮ ಭಾಷೆಯಲ್ಲಿ ‘ಮಸಿ’ ಎಂದರೆ ಒಲೆಯ ಮೇಲಿನ ಪಾತ್ರೆಯ ತಳಕ್ಕೆ ಹತ್ತಿದ ಕರಿಯೂ ಹೌದು, ಬರೆಯುವ ದ್ರವವೂ ಹೌದು. ‘ಶಾಯಿ’ ಎಂಬ ಮಾತು ಪಾರಸಿಯ ‘ಸಿಯಾಹಿ’ಯಿಂದ ಬಂದದ್ದು, ಅದರ ಅರ್ಥವೂ ಕಪ್ಪೇ. ಆದ್ದರಿಂದ ‘ಹಸಿರು ಶಾಯಿ’, ‘ನೇರಳೆ ಮಸಿ’ ಎನ್ನುವಾಗಲೆಲ್ಲ ನಾವು ಹಸಿರು ಕಪ್ಪು, ನೇರಳೆ ಕರಿ ಎಂದಂತೆಯೇ ಆಗುತ್ತದೆ. ವ್ಯುತ್ಪತ್ತಿಯನ್ನು ಯಾರು ಕೇಳುತ್ತಾರೆ? ಬಣ್ಣದ ಶಾಯಿಯ ಮೋಹಕ್ಕೆ ಸಿಕ್ಕಿದವರು ಬೆರಳು, ಅಂಗಿ, ಮೇಜು, ಕೆಲವೊಮ್ಮೆ ಗೋಡೆಯನ್ನೂ ಬಣ್ಣ ಮಾಡಿಕೊಂಡು ಸುಖವಾಗಿದ್ದಾರೆ.

ಹಾಗೆ ಸುಖವಾಗಿರುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದ್ದಾನೆ. ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗ; ದಿನವಿಡೀ ಕೀಲಿಮಣೆ ಕುಟ್ಟುವವನಿಗೆ ರಾತ್ರಿ ಫೌಂಟನ್ ಪೆನ್ನಿನ ಹುಚ್ಚು. ನಲವತ್ತಕ್ಕೂ ಹೆಚ್ಚು ಪೆನ್ನುಗಳಿವೆಯಂತೆ. ಸೀಸೆಗಳ ಲೆಕ್ಕವನ್ನು ಅವನು ಹೇಳಲಿಲ್ಲ, ಹೆಂಡತಿ ಪಕ್ಕದಲ್ಲಿದ್ದಳು. ಕಳೆದ ದೀಪಾವಳಿಯಲ್ಲಿ ಊರಿಗೆ ಬಂದಾಗ ಒಂದು ಪೆಟ್ಟಿಗೆಯ ತುಂಬ ಶಾಯಿ ತಂದು ನಮ್ಮ ನಡುಮನೆಯಲ್ಲಿ ಹರಡಿದ. ನವಿಲುಗರಿಯ ಬಣ್ಣ, ಮಾಗಿದ ನೇರಳೆಹಣ್ಣಿನ ಬಣ್ಣ, ಒಣಗಿದ ಮೇಲೆ ಅಂಚಿನಲ್ಲಿ ತಾಮ್ರದಂತೆ ಕೆಂಪಗೆ ಹೊಳೆಯುವ ನೀಲಿ. ನಮ್ಮ ಮನೆಯವರು ಬಾಗಿಲಲ್ಲೇ ನಿಂತು, “ಚಾಪೆಯ ಮೇಲೆ ಹಳೇ ಪೇಪರು ಹಾಸಿಕೋಪ್ಪಾ” ಎಂದರು. ಆ ಎಚ್ಚರಿಕೆ ವ್ಯರ್ಥವಾಗಲಿಲ್ಲ.

ಆ ಕೆಂಪು ಹೊಳಪಿನ ಗುಟ್ಟು ಸರಳವಾದದ್ದು. ಶಾಯಿಯಲ್ಲಿ ಬಣ್ಣದ ಪ್ರಮಾಣ ವಿಪರೀತ ಹೆಚ್ಚಿಸಿರುತ್ತಾರೆ. ಕಾಗದ ಹೀರಿಕೊಂಡು ಉಳಿದದ್ದು ಮೇಲೆ ಪದರವಾಗಿ ನಿಂತು ಬೇರೆ ಬಣ್ಣದ ಬೆಳಕನ್ನು ಹಿಂದಿರುಗಿಸುತ್ತದೆ. ನೋಡಲು ಚೆಂದ. ಆದರೆ ಆ ಪದರ ಕಾಗದಕ್ಕೆ ಅಂಟಿಕೊಳ್ಳುವುದಿಲ್ಲ. ವಾರ ಕಳೆದು ಒದ್ದೆಬೆರಳು ತಗುಲಿದರೂ ಅಕ್ಷರ ಎದ್ದು ಬರುತ್ತದೆ. ಮಿನುಗುವ ಪುಡಿ ಬೆರೆಸಿದ ಶಾಯಿಗಳದು ಇನ್ನೊಂದು ಬಗೆಯ ಉಪದ್ರವ. ಪುಡಿ ತಳಕ್ಕಿಳಿಯುತ್ತದೆ, ಪೆನ್ನಿನ ನಾಲಿಗೆಯ ಸಂದಿಯಲ್ಲಿ ಕೂತುಬಿಡುತ್ತದೆ, ತೊಳೆದಷ್ಟೂ ತೊಳೆಯಬೇಕು. ಅವನೇ ಇದನ್ನೆಲ್ಲ ವಿವರಿಸಿದ, ಅಪರಾಧವಲ್ಲ ಆಭರಣ ಎನ್ನುವ ಧಾಟಿಯಲ್ಲಿ.

ಪೆನ್ನು ಕಾರುವುದು ಹೊಸ ಸಂಗತಿಯೇನಲ್ಲ. ನನ್ನ ತರಗತಿಯಲ್ಲಿ ಕೂತವರಿಗೆ ನೆನಪಿರಬಹುದು: ಬ್ರಿಲ್ ಅಥವಾ ಕ್ಯಾಮೆಲ್ ಸೀಸೆ, ಗಾಜಿನ ಡ್ರಾಪರು, ತಿರುಪು ಸಡಿಲವಾದ ಪೆನ್ನಿನ ಕತ್ತಿಗೆ ಸುತ್ತಿದ ದಾರ. ಮುಳ್ಳನ್ನು ತಲೆಗೂದಲಿಗೆ ಒರೆಸುವುದು ಸಾಮಾನ್ಯ ಶಿಷ್ಟಾಚಾರವಾಗಿತ್ತು. ಪುಟದ ಮೇಲೆ ದೊಡ್ಡ ಹನಿ ಬಿದ್ದರೆ ಸೀಮೆಸುಣ್ಣದ ತುಂಡನ್ನು ಮೆಲ್ಲನೆ ತಾಗಿಸಿ ಹೀರಿಸುತ್ತಿದ್ದಿರಿ. ಕಪ್ಪುಹಲಗೆಯ ಬಳಿ ನಾನು ಕೈಗೆತ್ತಿಕೊಂಡ ಸೀಮೆಸುಣ್ಣಗಳೆಲ್ಲ ಒಂದು ತುದಿಯಲ್ಲಿ ನೀಲಿಯಾಗಿರುತ್ತಿದ್ದದ್ದು ಆ ಕಾರಣಕ್ಕೆ. ಪರೀಕ್ಷೆಯಲ್ಲಿ ಪಕ್ಕದವನಿಗೆ ನಾಲ್ಕು ಹನಿ ಸಾಲ ಕೊಡುವುದಕ್ಕೆ ನಾನು ಎಂದೂ ಅಡ್ಡಿ ಮಾಡಿದವನಲ್ಲ.

ಶಾಯಿ ಮುಗಿಯುತ್ತ ಬಂದಾಗಲೇ ಪೆನ್ನು ಹೆಚ್ಚು ಕಕ್ಕುತ್ತದೆ ಎಂಬುದನ್ನು ಗಮನಿಸಿದ್ದೀರಾ? ಖಾಲಿಯಾದ ಜಾಗವನ್ನು ಗಾಳಿ ತುಂಬಿರುತ್ತದೆ. ಅಂಗೈಯ ಬಿಸಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಕೆಳಕ್ಕೆ ತಳ್ಳುತ್ತದೆ. 1884ರಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ ಪೇಟೆಂಟು ಪಡೆದ ಪೆನ್ನಿನಲ್ಲಿ, ಶಾಯಿ ಇಳಿಯುವುದಕ್ಕೂ ಗಾಳಿ ಏರುವುದಕ್ಕೂ ನಾಲಿಗೆಯಲ್ಲಿ ಸಣ್ಣ ಗೀರುಗಳ ದಾರಿ ಮಾಡಿದ್ದ. ಅಂದಿನಿಂದ ಪೆನ್ನುಗಳು ಬಹಳ ಸುಧಾರಿಸಿವೆ. ಆದರೂ ತುಂಬಿದ ತರಗತಿಯ ಬೇಸಗೆಯ ಮಧ್ಯಾಹ್ನಕ್ಕೆ ಯಾವ ಪೇಟೆಂಟೂ ಪೂರ್ತಿ ಉತ್ತರವಲ್ಲ.

ಇನ್ನು ಕಲೆಗಳು. ನಮ್ಮ ಅಮ್ಮ ಅಂಗಿಯ ಜೇಬನ್ನು ಹುಳಿಮಜ್ಜಿಗೆಯಲ್ಲಿ ನೆನೆಸುತ್ತಿದ್ದರು, ಮೊಂಡು ಕಲೆಗೆ ನಿಂಬೆ ಮತ್ತು ಉಪ್ಪು. (ಕಲೆಗಳಲ್ಲಿ ಅತಿ ಮೊಂಡಾದದ್ದು ನಮ್ಮ ಮೈಸೂರಿನದೇ. ಮತದಾರರ ಬೆರಳಿಗೆ ಹಚ್ಚುವ ಶಾಯಿ 1962ರ ಚುನಾವಣೆಯಿಂದ ಅಲ್ಲಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟು ಬೆಳಕಿಗೆ ಕಪ್ಪಾಗಿ ಚರ್ಮಕ್ಕೆ ಹತ್ತಿಕೊಳ್ಳುತ್ತದೆ, ಮಜ್ಜಿಗೆಗೆ ಜಗ್ಗುವುದಿಲ್ಲ.)

ಮೆತ್ತಿಕೊಳ್ಳುವ ಶಾಯಿಯ ಬಗ್ಗೆ ನನಗೆ ದೂರಿಲ್ಲ. ಅಳಿಸಿಹೋಗುವ ಶಾಯಿಯ ಬಗ್ಗೆ ಇದೆ.

ನಮ್ಮ ಅಕ್ಕ ಮದುವೆಯಾಗಿ ಹೋದ ಮೇಲೆ ಇಪ್ಪತ್ತು ವರ್ಷ ನನಗೆ ಕಾಗದ ಬರೆದಳು. ಅವಳಿಗೆ ನೇರಳೆ ಶಾಯಿಯೆಂದರೆ ಪ್ರಾಣ. ತಂದೆಯವರು ಬ್ಲೂ ಬ್ಲ್ಯಾಕ್ ಬಿಟ್ಟು ಬೇರೆ ಮುಟ್ಟಿದವರಲ್ಲ. ಇಬ್ಬರ ಕಾಗದಗಳೂ ಅಟ್ಟದ ಮೇಲಿನ ಒಂದೇ ಟ್ರಂಕಿನಲ್ಲಿದ್ದವು. 1994ರ ಮಳೆಗಾಲದಲ್ಲಿ ಹೆಂಚು ಸರಿದು ನೀರು ಒಳಗಿಳಿಯಿತು. ತೆಗೆದು ನೋಡಿದಾಗ ತಂದೆಯವರ ಅಕ್ಷರಗಳು ಒಂದೊಂದೂ ಇದ್ದ ಹಾಗೇ ಇದ್ದವು, ಹಿಟ್ಟಿನ ಗಿರಣಿಯ ಲೆಕ್ಕ ಸಮೇತ. ಅಕ್ಕನ ಕಾಗದಗಳು ತಿಳಿನೇರಳೆಯ ಖಾಲಿ ಹಾಳೆಗಳಾಗಿದ್ದವು. ಮಡಿಕೆಯ ಒಳಗೆ ಅಲ್ಲೊಂದು ಇಲ್ಲೊಂದು ಮಾತು ಉಳಿದಿತ್ತು: “ಮಗುವಿಗೆ”, “ಸಂಕ್ರಾಂತಿಗೆ ಬರ”, ಅಷ್ಟೇ. ಅಕ್ಕ ಆ ವೇಳೆಗೆ ತೀರಿಕೊಂಡಿದ್ದಳು. ಆ ಹಾಳೆಗಳನ್ನು ಒಣಗಿಸಿ ಇಟ್ಟುಕೊಂಡಿದ್ದೇನೆ, ಓದಲು ಏನೂ ಇಲ್ಲದಿದ್ದರೂ.

ವ್ಯತ್ಯಾಸಕ್ಕೆ ಕಾರಣ ರಸಾಯನಶಾಸ್ತ್ರ. ಬಣ್ಣದ ಶಾಯಿ ಬಹುಮಟ್ಟಿಗೆ ನೀರಿನಲ್ಲಿ ಕರಗಿದ ಬಣ್ಣ ಮಾತ್ರ; ನೀರು ಬಂದು ಕರೆದರೆ ಹೊರಟುಬಿಡುತ್ತದೆ. ಹಳೆಯ ಬ್ಲೂ ಬ್ಲ್ಯಾಕ್ ಹಾಗಲ್ಲ. ಮಾಚಿಕಾಯಿಯಂಥ ಒಗರು ವಸ್ತುವಿನ ಸತ್ವವನ್ನೂ ಅನ್ನಭೇದಿಯನ್ನೂ ಬೆರೆಸಿದರೆ ಮೊದಲು ಪೇಲವ ದ್ರವ ಸಿಗುತ್ತದೆ. ಬರೆಯುವಾಗ ಕಣ್ಣಿಗೆ ಕಾಣಲೆಂದು ಅದಕ್ಕೆ ನೀಲಿ ಸೇರಿಸುತ್ತಾರೆ. ಕಾಗದದ ಮೇಲೆ ಗಾಳಿ ತಾಗಿದಂತೆ ಕಬ್ಬಿಣದ ಅಂಶ ಬದಲಾಗಿ ನೀರಿಗೆ ಕರಗದ ಕಪ್ಪಾಗುತ್ತದೆ. ಬರೆದಾಗ ನೀಲಿ, ಉಳಿದಾಗ ಕಪ್ಪು. ಹೆಸರು ಬಂದದ್ದು ಹಾಗೆ. ಇಂದು ಆ ಹೆಸರಿನ ಸೀಸೆಗಳಲ್ಲೆಲ್ಲ ಕಬ್ಬಿಣ ಇರುವುದಿಲ್ಲ, ನೋಡಿ ಕೊಳ್ಳಬೇಕು.

ಇದನ್ನೆಲ್ಲ ನಮ್ಮ ಶಾಯಿಪ್ರಿಯನಿಗೆ ಹೇಳಲು ಒಂದು ಕಾರಣವಿತ್ತು. ಅವನ ತಂದೆಗೆ ಎಂಬತ್ತು ದಾಟಿದೆ, ನೆನಪು ಜಾರುತ್ತಿದೆ. ಅವರು ಹೇಳಿದ್ದನ್ನೆಲ್ಲ, ಮುಳುಗಡೆಯಾದ ಊರು, ಗದ್ದೆಗಳ ಹೆಸರು, ಸತ್ತುಹೋದ ಎತ್ತುಗಳ ಹೆಸರು ಕೂಡ, ಅವನು ಒಂದು ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ನನಗೆ ಹೆಮ್ಮೆಯಿಂದ ತೋರಿಸಿದ. ಇಪ್ಪತ್ತೆರಡು ಪುಟ, ನವಿಲುಹಸಿರಿನಲ್ಲಿ. ನಾನು ಅಟ್ಟದಿಂದ ಅಕ್ಕನ ಹಾಳೆಗಳನ್ನು ತಂದು ಅವನ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತು ಹಿಂದೆ ಮುಂದೆ ತಿರುಗಿಸಿ ನೋಡಿದ. “ಸಾರ್, ಕಬ್ಬಿಣದ ಶಾಯಿ ಹುಳಿ ಅಲ್ವಾ, ಪೆನ್ನು ತಿಂದುಬಿಡುತ್ತೆ” ಎಂದ. “ತಿನ್ನಲಿ ಬಿಡೋ, ನಿನ್ನ ಹತ್ತಿರ ನಲವತ್ತು ಇವೆ” ಎಂದೆ.

ವಾದ ಊಟದವರೆಗೂ ನಡೆಯಿತು. ಅವನ ಮಾತಿನಲ್ಲೂ ಹುರುಳಿದೆ. ಆ ಹುಳಿ ಉಕ್ಕಿನ ಮುಳ್ಳನ್ನು ಸವೆಸುತ್ತದೆ, ಹಳೆಯ ತೀಕ್ಷ್ಣ ಪಾಕಗಳು ಶತಮಾನಗಳಲ್ಲಿ ಕಾಗದವನ್ನೇ ತಿಂದದ್ದೂ ಉಂಟು. ಕೊನೆಗೆ ಅವನೇ ಮೂರನೆಯ ದಾರಿ ಹುಡುಕಿದ: ಇಂಗಾಲದ ನುಣುಪು ಕಣಗಳ ಕಪ್ಪು ಶಾಯಿ. ಓಲೆಗರಿಯ ಗೀರುಗಳಿಗೆ ನಮ್ಮ ಹಿರಿಯರು ತೀಡುತ್ತಿದ್ದ ಕಾಡಿಗೆಯ ಮೊಮ್ಮಗ ಅದು. ನೀರಿಗೆ ಬಿಡುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ. ಪೆನ್ನಿನಲ್ಲಿ ಒಣಗಲು ಬಿಟ್ಟರೆ ಮಾತ್ರ ಪೆನ್ನು ಕೆಟ್ಟಂತೆಯೇ. ಅದಕ್ಕಾಗಿ ಒಂದು ಅಗ್ಗದ ಪೆನ್ನನ್ನು ಮೀಸಲಿಟ್ಟು ವಾರಕ್ಕೊಮ್ಮೆ ತೊಳೆಯುತ್ತಾನಂತೆ.

ಮೊನ್ನೆ ಫೋನು ಮಾಡಿದ್ದ. ಹಸಿರಿನ ಇಪ್ಪತ್ತೆರಡು ಪುಟಗಳನ್ನೂ ಕಪ್ಪಿನಲ್ಲಿ ನಕಲು ಮಾಡಿ ಮುಗಿಸಿ ಮುಂದಕ್ಕೆ ಹೋಗಿದ್ದಾನೆ. ತಂದೆಯವರು ಆ ದಿನ ಹೊಳೆದಾಟುವ ದೋಣಿಯವನ ಹೆಸರು ನೆನಪಿಸಿಕೊಂಡರಂತೆ. ಶೀರ್ಷಿಕೆಗಳನ್ನು ಮಾತ್ರ ನವಿಲುಹಸಿರಿನಲ್ಲೇ ಬರೆಯುತ್ತಿದ್ದಾನೆ. ನಾನು ಏನೂ ಅನ್ನಲಿಲ್ಲ.