ಆರುವ ಹದ

ಮಧುಗಿರಿ ಕೊರಟಗೆರೆಗಳ ಬಂಡೆಬೆಟ್ಟಗಳಿಂದ ಮಳೆಗಾಲದ ತೊರೆಗಳು ಕರಿಯ ಮರಳನ್ನು ಇಳಿಸಿ ತರುವುದುಂಟು. ನೋಡುವವರಿಗೆ ಅದು ಬರಿಯ ಮರಳು. ಹಿಂದಿನವರಿಗೆ ಅದೇ ಕಬ್ಬಿಣ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ನನು ಮಧುಗಿರಿ, ಚನ್ನರಾಯದುರ್ಗಗಳಲ್ಲಿ ಈ ಮರಳನ್ನು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿ, ಹಸಿಯ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಕಡ್ಡಿಯ ಇಂಗಾಲವು ಕಬ್ಬಿಣವನ್ನು ಸೇರಿ ಉಕ್ಕಾಗುತ್ತಿದ್ದಿತು.

ಆದರೆ ಕಾಯಿಸುವುದರಿಂದಲೇ ಉಕ್ಕಿನ ಗುಣ ನಿಶ್ಚಯವಾಗದು. ಅದು ಆರುವ ಬಗೆಯೂ ಅಷ್ಟೇ ಮುಖ್ಯವಾದುದು. ಕೆಂಪಗೆ ಕಾದ ಉಕ್ಕಿನಲ್ಲಿ ಇಂಗಾಲವು ಹಾಲಿನಲ್ಲಿ ಸಕ್ಕರೆಯಂತೆ ಕರಗಿರುತ್ತದೆ. ಮೆಲ್ಲನೆ ಆರಿದರೆ ಅದು ಬೇರ್ಪಟ್ಟು ಪದರಪದರವಾಗಿ ನೆಲಸುತ್ತದೆ, ಉಕ್ಕು ಮೆದುವಾಗುತ್ತದೆ. ಥಟ್ಟನೆ ನೀರಿಗದ್ದಿದರೆ ಇಂಗಾಲಕ್ಕೆ ಹೊರಬರಲು ವ್ಯವಧಾನವಿಲ್ಲ. ಒಳಗೇ ಸಿಕ್ಕಿಬಿದ್ದು ಕಬ್ಬಿಣದ ಪರಮಾಣುಗಳ ಸಾಲನ್ನು ಸೊಟ್ಟಗೆಡಿಸುತ್ತದೆ. ಆಗ ಉಕ್ಕು ಕಲ್ಲು ಕಡಿಯುವಷ್ಟು ಗಡುಸು, ಗಾಜಿನಂತೆ ಪೆಡಸು. ತುಸುವೇ ಮತ್ತೆ ಕಾಯಿಸಿ ಆ ಪೆಡಸನ್ನು ಇಳಿಸುವುದು ಕಮ್ಮಾರನ ಹದ. ಕಾವನ್ನು ಅವನು ಲೋಹದ ಬಣ್ಣದಿಂದಲೇ ಅಳೆಯುತ್ತಾನೆ.

ಈ ಭೇದವನ್ನು ವಿದ್ಯುತ್ತೂ ಬಲ್ಲದು. ಸೊಟ್ಟಾದ ಸಾಲುಗಳ ನಡುವೆ ಅದಕ್ಕೆ ದಾರಿ ದುರ್ಗಮ. ಇಂಗಾಲ ಹೆಚ್ಚಾಗಿರುವ ಉಕ್ಕನ್ನು ನೀರಿಗದ್ದಿ ಗಡುಸುಮಾಡಿದರೆ, ಮೆಲ್ಲನೆ ಆರಿದ ಅದೇ ಉಕ್ಕಿಗಿಂತ ಎರಡು ಪಟ್ಟಿಗೂ ಮಿಕ್ಕಿ ಅದು ವಿದ್ಯುತ್ತನ್ನು ತಡೆಯುತ್ತದೆ. 1960ರಲ್ಲಿ ಅಮೆರಿಕದ ಪೋಲ್ ಡ್ಯೂವೆಜ್ ಮತ್ತು ಸಂಗಡಿಗರು ಚಿನ್ನ ಸಿಲಿಕಾನುಗಳ ಮಿಶ್ರಲೋಹದ ರಸವನ್ನು ಎಷ್ಟು ಬೇಗ ಆರಿಸಿದರೆಂದರೆ, ಪರಮಾಣುಗಳಿಗೆ ಸಾಲುಗಟ್ಟಲೂ ಹೊತ್ತು ಸಿಕ್ಕಲಿಲ್ಲ. ಲೋಹವು ಗಾಜಿನ ರಚನೆಯನ್ನು ತಾಳಿತು. ಕ್ಷಣಕ್ಕೆ ಹತ್ತು ಲಕ್ಷ ಡಿಗ್ರಿಯ ವೇಗದಲ್ಲಿ ಆರಿಸಿದ ಇಂತಹ ಕಬ್ಬಿಣದ ತೆಳುಪಟ್ಟಿಗಳನ್ನು ಈಗ ವಿದ್ಯುತ್ ಪರಿವರ್ತಕಗಳ ತಿರುಳಿಗೆ ಬಳಸುವುದುಂಟು. ಅಲ್ಲಿ ತಡೆಯೇ ಗುಣ: ತಿರುಳಿನಲ್ಲಿ ವ್ಯರ್ಥವಾಗಿ ಸುಳಿಯುವ ಪ್ರವಾಹವು ಕುಗ್ಗಿ, ಕಾವಾಗಿ ಸೋರುವ ವಿದ್ಯುತ್ತು ಉಳಿಯುತ್ತದೆ. ಪಾವಗಡದ ತಿರುಮಣಿಯಲ್ಲಿ 13,000 ಎಕರೆಯ ಬಿಸಿಲಿನಿಂದ 2,050 ಮೆಗಾವಾಟ್ ಶಕ್ತಿಯನ್ನು ಪಡೆಯಬಲ್ಲ ಸ್ಥಾವರವಿರುವ ಈ ಕಾಲದಲ್ಲಿ, ಹಾಗೆ ಉಳಿದುದೂ ಗಳಿಸಿದುದಕ್ಕೆ ಸಮವೇ.

ಡ್ಯೂವೆಜನ ವಿದ್ಯೆ ಗ್ರಂಥಸ್ಥವಾಗಿದೆ. ಮಧುಗಿರಿಯ ಮೂಸೆಗಳೋ ಆರಿಹೋದುವು. ಬುಕನನ್ನನ ಬರಹದಲ್ಲಿ ತೂಕವುಂಟು, ಅಳತೆಯುಂಟು. ಉಕ್ಕನ್ನು ಯಾವ ಬಣ್ಣಕ್ಕೆ ನೀರಿಗದ್ದಬೇಕೆಂದು ಕಂಡ ಆ ಕಣ್ಣು ಮಾತ್ರ ಇಲ್ಲ. ತಂದೆಯಿಂದ ಮಗನಿಗೆ ಬಂದ ವಿದ್ಯೆ, ಮಗನು ಬೇರೆ ಕಸಬು ಹಿಡಿದ ದಿನವೇ ಮುಗಿಯುತ್ತದೆ. ಶಿರಾ ಪಾವಗಡಗಳ ಹಳ್ಳಿಗಳಲ್ಲಿ ಗುದ್ದಲಿ ಕುಡುಗೋಲುಗಳನ್ನು ಹದಮಾಡಬಲ್ಲ ಹಿರಿಯರ ಬಳಿ ಕುಳಿತು, ಅವರು ಹೇಳುವ ಬಣ್ಣಗಳನ್ನಾದರೂ ಬರೆದಿಟ್ಟುಕೊಳ್ಳುವುದು ಓದಿದವರ ಕರ್ತವ್ಯವಲ್ಲವೆ?