ಅವ್ವನ ಟಿಕೀಟು

ಮನುಷ್ಯನಿಗೆ ಒಂದಿಲ್ಲೊಂದು ಹುಚ್ಚು ಇದ್ದೇ ಇರುತ್ತದೆಂದು ಹಿರಿಯರು ಹೇಳುತ್ತಾರಷ್ಟೆ. ಒಬ್ಬನಿಗೆ ಎತ್ತಿನ ಹುಚ್ಚು, ಒಬ್ಬನಿಗೆ ಭಜನೆಯ ಹುಚ್ಚು, ಮತ್ತೊಬ್ಬನಿಗೆ ಕುಸ್ತಿಯ ಹುಚ್ಚು. ನನ್ನ ಮಗಳ ಮಗನಿಗೆ ಹಿಡಿದಿರುವುದು ಹಳೆಯ ರೇಲ್ವೆಗಾಡಿಗಳ ಹುಚ್ಚು. ಬೆಂಗಳೂರಿನಲ್ಲಿ ಓದುತ್ತಿರುವ ಈ ಇಪ್ಪತ್ತೊಂದು ವರುಷದ ಹುಡುಗನು, ತಾನು ಹುಟ್ಟುವ ಮೊದಲೇ ಮೂಲೆಗೆ ಬಿದ್ದ ಉಗಿಯಂತ್ರಗಳ ಜಾತಿ, ಗಾಲಿಗಳ ಲೆಕ್ಕ, ಅವು ತಯಾರಾದ ವರ್ಷ ಇವೆಲ್ಲವನ್ನೂ ಬಾಯಿಪಾಠದಂತೆ ಒಪ್ಪಿಸುತ್ತಾನೆ. ಅವನಂಥವರು ದೇಶದೇಶಗಳಲ್ಲಿ ಇದ್ದಾರಂತೆ. ರಜೆ ಬಂದಿತೆಂದರೆ ಮುಚ್ಚಿಹೋದ ನಿಲ್ದಾಣಗಳನ್ನೂ ತುಕ್ಕು ತಿಂದ ಕೈಕಂಬಗಳನ್ನೂ ಹುಡುಕಿಕೊಂಡು ಅವರು ಹೊರಡುತ್ತಾರಂತೆ.

ಹೋದ ಸಂಕ್ರಾಂತಿಗೆ ಊರಿಗೆ ಬಂದವನು ಎಳ್ಳುಬೆಲ್ಲ ಬಾಯಲ್ಲಿ ಕರಗುವ ಮೊದಲೇ, “ಮುತ್ಯಾ, ನಾಳೆ ಲಚ್ಯಾಣ ಸ್ಟೇಶನ್ನಿಗೆ ಹೋಗೂಣ” ಎಂದನು. ನಮ್ಮ ಹೊಲಮನೆಯಿಂದ ಲಚ್ಯಾಣದ ಸ್ಟೇಶನ್ನು ಒಂದು ಹರಿದಾರಿ. “ಅಲ್ಲೇನೈತಿ ನೋಡಾಕ?” ಎಂದು ನಾನು ಗೊಣಗಿದರೂ ಅವನ ಬೆನ್ನು ಹತ್ತಿ ನಡೆದೆನು.

ದಾರಿಯಲ್ಲಿ ಅವನು ನನಗೇ ನಮ್ಮ ಊರಿನ ಚರಿತ್ರೆಯನ್ನು ಹೇಳತೊಡಗಿದನು. ಹೋಟಗಿಯಿಂದ ವಿಜಾಪುರ, ಬಾಗಿಲಕೋಟೆ, ಬಾದಾಮಿಗಳ ಮೇಲೆ ಗದಗಿನವರೆಗೆ ಈ ಹಾದಿಯನ್ನು ಹಾಕಿದವರು ಸದರ್ನ್ ಮರಾಠಾ ರೇಲ್ವೆ ಕಂಪನಿಯವರು. ಅದು ತೆರೆದುದು 1884ರಲ್ಲಿ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ನಮ್ಮ ಸೀಮೆಯ ಜನರು ಹುಳುಗಳಂತೆ ಸತ್ತ ಮೇಲೆ, ಕಾಳು ಸಾಗಿಸಲು ಹಾದಿಯಿಲ್ಲದ್ದರಿಂದಲೇ ಹಾನಿ ಇಷ್ಟಾಯಿತೆಂದು ಸರಕಾರಕ್ಕೆ ಮನದಟ್ಟಾಗಿ ಇಂಥ ಹಳಿಗಳು ಬಂದವು. 1908ರಲ್ಲಿ ಆ ಕಂಪನಿಯು ಮದ್ರಾಸಿನದರೊಡನೆ ಕೂಡಿತು. 1951ರಲ್ಲಿ ಹಾದಿಯು ದಕ್ಷಿಣ ರೇಲ್ವೆಗೆ, 1966ರಲ್ಲಿ ದಕ್ಷಿಣ ಮಧ್ಯ ರೇಲ್ವೆಗೆ, 2003ರಲ್ಲಿ ಹುಬ್ಬಳ್ಳಿಯ ನೈಋತ್ಯ ರೇಲ್ವೆಗೆ ಸೇರಿತು. ಬರಗಾಲದ ಹೊಟ್ಟೆಯಲ್ಲಿ ಹುಟ್ಟಿದ ಹಾದಿ ಇದು ಎಂಬ ಮಾತು ಮಾತ್ರ ನನ್ನ ಮನಸ್ಸಿನಲ್ಲಿ ನಿಂತಿತು. ಅದೇಕೆಂಬುದನ್ನು ಮುಂದೆ ಹೇಳುವೆನು.

ನಮ್ಮ ಕಾಲದಲ್ಲಿ ಅದು ಒಂದು ಮೀಟರ್ ಅಗಲದ ಒಂಟಿ ಹಳಿ. ನಮ್ಮ ಆಯಿ ಅದಕ್ಕೆ ಮರಾಠಿಯ ಸೀಮೆಯವರಂತೆ ‘ಆಗೀನಗಾಡಿ’ ಎನ್ನುತ್ತಿದ್ದಳು. ಹೋಟಗಿಯ ಕಡೆಯಿಂದ ಬರುವ ಗಾಡಿಯು ಭೀಮೆಯ ಸೇತುವೆಯನ್ನು ದಾಟಿ ಲಚ್ಯಾಣಕ್ಕೆ ಬರುವುದು. ಅಲ್ಲಿಂದ ಮುಂದೆ, ಹೆಸರಿಗೆ ಮಾತ್ರ ಇಂಡಿಯಾಗಿ ಊರಿನಿಂದ ದೂರ ನಿಂತಿರುವ ಇಂಡಿ ರೋಡು. ಆಮೇಲೆ ಗುರುದೇವ ರಾನಡೆಯವರು ಆಶ್ರಮ ಮಾಡಿಕೊಂಡು 1957ರಲ್ಲಿ ದೇಹವಿಟ್ಟ ನಿಂಬಾಳ. ಕೊನೆಗೆ ದೂರದಿಂದಲೇ ಕಣ್ಣಿಗೆ ಬೀಳುವ ಗೋಲಗುಮ್ಮಟದ ವಿಜಾಪುರ. ಗಾಡಿ ಬರುವ ಮುನ್ನ ತೂಗುಹಾಕಿದ ಹಳಿಯ ತುಂಡಿನ ಮೇಲೆ ಸುತ್ತಿಗೆಯಿಂದ ಬಡಿಯುವರು. ಅದೇ ಸ್ಟೇಶನ್ನಿನ ಗಂಟೆ. ಕಂಬದ ಮೇಲಿನ ಮರದ ಕೈ ಬಾಗಿತೆಂದರೆ ನಿಂಬೆಹಣ್ಣಿನ ಬುಟ್ಟಿಯ ಹೆಂಗಸರು ಸೆರಗು ಕಟ್ಟಿ ನಿಲ್ಲುವರು. ಮಾಸ್ತರರ ಕೋಣೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಮುಂದಿನ ಸ್ಟೇಶನ್ನಿನವರು ಒಪ್ಪಿಗೆ ಕೊಟ್ಟರೆ ಮಾತ್ರ ಅದರಿಂದ ಒಂದು ಗುಂಡು ಉರುಳಿ ಬೀಳುವುದು. ಆ ಗುಂಡನ್ನು ಬೆತ್ತದ ಬಳೆಯ ಚೀಲದಲ್ಲಿಟ್ಟು ಡ್ರೈವರನ ಕೈಗೆ ಕೊಡುವರು. ಗುಂಡು ಕೈಗೆ ಬಾರದೆ ಗಾಡಿ ಹೊರಡಕೂಡದು. ಒಂಟಿ ಹಳಿಯ ಮೇಲೆ ಎದುರುಬದುರು ಎರಡು ಗಾಡಿಗಳು ಬರಬಾರದೆಂದು ಈ ಕಟ್ಟುಪಾಡು. ಇದನ್ನು ನಾನು ಹೇಳುತ್ತಿದ್ದಾಗ ಹುಡುಗನು ಪುರಾಣ ಕೇಳುವ ಭಕ್ತನಂತೆ ಕಣ್ಣರಳಿಸಿದನು.

ಆದರೆ ಸ್ಟೇಶನ್ನು ಮುಟ್ಟಿದಾಗ ಅವನ ಮುಖ ಬಾಡಿತು. 1992ರಿಂದ ಸರಕಾರವು ಎಲ್ಲ ಹಳಿಗಳನ್ನೂ ಒಂದೇ ಅಗಲಕ್ಕೆ ತರುವ ಕೆಲಸ ಹಿಡಿಯಿತಷ್ಟೆ; ಈ ಶತಮಾನದ ಮೊದಲ ಹತ್ತು ವರ್ಷ ಮುಗಿಯುವುದರೊಳಗೆ ನಮ್ಮ ಹಾದಿಯೂ 1676 ಮಿಲಿಮೀಟರಿಗೆ ಅಗಲಾಯಿತು. ಆಮೇಲೆ ಕೂಡಗಿಯ ವಿದ್ಯುತ್ ಕೇಂದ್ರಕ್ಕೆ ಕಲ್ಲಿದ್ದಲು ಸಾಗಬೇಕಾಗಿ ಒಂಟಿ ಹಳಿ ಜೋಡಿಯಾಯಿತು. ಗುಂಡಿನ ಪೆಟ್ಟಿಗೆ, ಬೆತ್ತದ ಬಳೆ, ಮರದ ಕೈ ಯಾವುದೂ ಈಗ ಅಲ್ಲಿಲ್ಲ. ಕಲ್ಲಿದ್ದಲಿನ ಉದ್ದನ್ನ ಗಾಡಿಯೊಂದು ನೆಲ ನಡುಗಿಸುತ್ತ ಹಾದುಹೋಯಿತು.

ಹುಡುಗನು ನಿಟ್ಟುಸಿರು ಬಿಟ್ಟು, ಬೇರೆ ಊರಿನವರು ಹಳೆಯದನ್ನು ಹೇಗೆ ಕಾದಿಟ್ಟಿದ್ದಾರೆಂದು ಬೇವಿನ ನೆರಳಿನಲ್ಲಿ ಕುಳಿತು ಫೋನಿನಲ್ಲಿ ತೋರಿಸತೊಡಗಿದನು. ನ್ಯೂಯಾರ್ಕಿನಲ್ಲಿ ನೆಲದೊಳಗೆ ಓಡುವ ಗಾಡಿಗಳಿವೆ. ಅಲ್ಲಿ ಮುಚ್ಚಿಹೋದ ಒಂದು ನಿಲ್ದಾಣವನ್ನೇ 1976ರಲ್ಲಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿ, 1930ರ ಸುಮಾರಿನ ಡಬ್ಬಿಗಳನ್ನು ಇರಿಸಿದ್ದಾರೆ. ಡಿಸೆಂಬರದಲ್ಲಿ ಆ ಹಳೆಯ ಡಬ್ಬಿಗಳನ್ನು ಹೊರಗೆ ತೆಗೆದು ಓಡಿಸಿದರೆ, ಜನರು ಅಜ್ಜಂದಿರ ಕಾಲದ ಉಡುಪು ತೊಟ್ಟು ಹತ್ತುತ್ತಾರಂತೆ. 1904ರಲ್ಲಿ ತೆರೆದು 1945ರಲ್ಲಿ ಮುಚ್ಚಿದ ಕಮಾನುಗಳ ಒಂದು ನಿಲ್ದಾಣವು ಅಲ್ಲಿ ಇನ್ನೂ ಹಾಗೆಯೇ ಇದೆ. ಲಂಡನ್ನಿನಲ್ಲಿ 1994ರಲ್ಲಿ ಮುಚ್ಚಿದ ಆಲ್ಡ್‌ವಿಚ್ ನಿಲ್ದಾಣವನ್ನು ನೋಡಲು ಹಣ ಕೊಟ್ಟು ಹೋಗುವವರಿದ್ದಾರೆ. ನಮ್ಮಲ್ಲಿಯೂ 1979ರಿಂದ ಮೈಸೂರಿನಲ್ಲಿ, 2020ರಿಂದ ಹುಬ್ಬಳ್ಳಿಯಲ್ಲಿ ರೇಲ್ವೆ ಸಂಗ್ರಹಾಲಯಗಳಿವೆ.

ನನಗೆ ಸ್ವಲ್ಪ ಸಿಟ್ಟೇ ಬಂದಿತೆಂದು ಒಪ್ಪಿಕೊಳ್ಳಬೇಕು. “ತಮ್ಮಾ, ಆ ಗಾಡ್ಯಾಗ ಕುಂತವರಿಗೆ ಗೊತ್ತು ಅದರ ಸುಖ” ಎಂದೆನು. ಕಿಡಕಿಯಿಂದ ಬಂದ ಕೆಂಡದ ಚೂರಿಗೆ ಧೋತರ ತೂತಾಗುತ್ತಿತ್ತು. ಕಣ್ಣಿನಲ್ಲಿ ಇದ್ದಿಲ ಪುಡಿ. ಹಲಗೆಯ ಮೇಲೆ ಕುಳಿತು ಕುಳಿತು ಬೆನ್ನು ಕೋಲಾಗುತ್ತಿತ್ತು. ಅಂದವೆಂದು ಯಾರೂ ಆ ಗಾಡಿ ಹತ್ತಲಿಲ್ಲ, ಹೊಟ್ಟೆಗಾಗಿ ಹತ್ತಿದರು. ನಮ್ಮಪ್ಪ ಹತ್ತಿದ್ದೂ ಹೊಟ್ಟೆಗಾಗಿಯೇ.

1972ರಲ್ಲಿ ಮಳೆ ಹೋಯಿತು. ಆ ವರ್ಷದ ಬರವನ್ನು ಕಂಡವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಕಾಣದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಹಿಂಗಾರಿ ಜೋಳ ಗೇಣುದ್ದಕ್ಕೆ ಒಣಗಿತು, ಬಾವಿಗಳ ತಳ ಕಂಡಿತು. ಊರವರು ಬರದ ಕಾಮಗಾರಿಯಲ್ಲಿ ಕಲ್ಲು ಒಡೆದರು. 1973ರ ಸಂಕ್ರಾಂತಿ ಮುಗಿದ ವಾರದಲ್ಲಿ ಅಪ್ಪ ಸೋಲಾಪುರದ ಮಗ್ಗದ ಕಾರಖಾನೆಯ ಕೆಲಸಕ್ಕೆ ಹೊರಟನು. ಅವ್ವನನ್ನೂ ನಮ್ಮನ್ನೂ ಕರೆದುಕೊಂಡು ಹೋಗಬೇಕೆಂದು ಅವನ ಹಟ. ಆಯಿಗೆ ಕಣ್ಣು ಕಾಣುತ್ತಿರಲಿಲ್ಲ, ಅವಳು ಮನೆಬಿಟ್ಟು ಬರಲೊಲ್ಲಳು. “ಅತ್ತಿಯನ್ನ ಬಿಟ್ಟು ಹ್ಯಾಂಗ ಬರ್ಲಿ?” ಎಂದು ಅವ್ವ ನಿಂತುಬಿಟ್ಟಳು. ಅಪ್ಪನ ರೊಟ್ಟಿಯ ಗಂಟನ್ನು ಹೊತ್ತು ಸ್ಟೇಶನ್ನಿನವರೆಗೆ ಹೋಗಿ ಕಳಿಸಿ ಬಂದಳು. ಆಗ ನನಗೆ ಹನ್ನೆರಡು ವರ್ಷ, ತಂಗಿಗೆ ಒಂದೂವರೆ.

ಯುಗಾದಿಯವರೆಗೆ ಮನಿಆರ್ಡರು ಬಂದಿತು, ಆಮೇಲೆ ನಿಂತಿತು. ಅಪ್ಪ ಅಲ್ಲಿ ವಿಷಮಜ್ವರದಿಂದ ಮಲಗಿದ್ದನೆಂದು ಮುಂದೆ ತಿಳಿಯಿತು. ಮಳೆ ಹಿಡಿದ ಮೇಲೆ ಕಾರಹುಣ್ಣಿಮೆಯ ಹೊತ್ತಿಗೆ ಎಲುಬಿನ ಹಂದರವಾಗಿ ತಿರುಗಿ ಬಂದನು. ಬದುಕಿದನು, ಹೊಲ ಮಾಡಿದನು, ನಮ್ಮನ್ನು ಓದಿಸಿದನು. ಆದರೆ ಅವನ ಎದೆಯಲ್ಲಿ ಒಂದು ಮುಳ್ಳು ಉಳಿಯಿತು. ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗಲೆಲ್ಲ, “ನಾ ಅಲ್ಲಿ ಜ್ವರದಾಗ ಬಿದ್ದಾಗ ಯಾರು ಬಂದ್ರು?” ಎನ್ನುವನು. ಅವ್ವ ಒಮ್ಮೆಯೂ ಉತ್ತರ ಕೊಡಲಿಲ್ಲ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವಳು. ಅವಳಲ್ಲಿ ಉತ್ತರವಿಲ್ಲವೆಂದೇ ನಾನು ತಿಳಿದಿದ್ದೆನು. ಗಂಡನಿಗಿಂತ ಮನೆಯ ಹೊಸತಿಲೇ ಅವಳಿಗೆ ಹೆಚ್ಚಾಯಿತೆಂದು ಒಳಗೊಳಗೆ ನಾನೂ ಅಪ್ಪನ ಪಕ್ಷವನ್ನೇ ಹಿಡಿದಿದ್ದೆನೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಪ್ಪ 1989ರಲ್ಲಿ ತೀರಿಕೊಂಡನು, ಅವ್ವ 1996ರಲ್ಲಿ. ಅವಳ ಪೆಟ್ಟಿಗೆಯಲ್ಲಿ ಕುಂಕುಮದ ಭರಣಿಯ ಕೆಳಗೆ, ಅರಿವೆಯಲ್ಲಿ ಸುತ್ತಿದ ಒಂದು ರೇಲ್ವೆ ಟಿಕೀಟು ಸಿಕ್ಕಿತು. ಲಚ್ಯಾಣದಿಂದ ಸೋಲಾಪುರಕ್ಕೆ. ಅಪ್ಪ ಹೋಗುವಾಗ ಹಟದಿಂದ ಅವಳಿಗೂ ತೆಗೆಸಿದ್ದ ಟಿಕೀಟೇ ಇದಾಗಿರಬೇಕೆಂದು ಬಗೆದು ಅದನ್ನು ಹಾಗೆಯೇ ಇಟ್ಟೆನು.

ಸ್ಟೇಶನ್ನಿನಿಂದ ಮರಳಿದ ಸಂಜೆ, ಬಾಡಿದ ಹುಡುಗನನ್ನು ನಗಿಸಲೆಂದು ಆ ಟಿಕೀಟನ್ನು ತೆಗೆದು ಅವನ ಅಂಗೈಯಲ್ಲಿಟ್ಟೆನು. ಅವನು ಕುಣಿದಾಡಿಬಿಟ್ಟನು. ಎಡ್ಮಂಡ್‌ಸನ್ ಎಂಬ ಇಂಗ್ಲಿಷ್ ಸ್ಟೇಶನ್‌ಮಾಸ್ತರನು 1830ರ ದಶಕದಲ್ಲಿ ಕಂಡುಹಿಡಿದ ಬಗೆಯ ರಟ್ಟಿನ ಟಿಕೀಟು ಅದು ಎಂದನು. ಉದ್ದ 57 ಮಿಲಿಮೀಟರು, ಅಗಲ 30. ಒಂದೊಂದಕ್ಕೂ ಕ್ರಮಸಂಖ್ಯೆ ಅಚ್ಚಾಗಿರುವುದರಿಂದ ಎಷ್ಟು ಮಾರಿದವೆಂಬ ಲೆಕ್ಕ ತಪ್ಪುವ ಹಾಗಿಲ್ಲ. ಮೂರನೆಯ ವರ್ಗವೆಂದು ಇದೆ. ಆ ವರ್ಗವನ್ನು 1974ರಲ್ಲಿ ತೆಗೆದುಹಾಕಿದರು. ಆದುದರಿಂದ ಇದು ಅದಕ್ಕೆ ಮುಂಚಿನದು. ಅಂಚಿನಲ್ಲಿ ಚಿಮಟಿಗೆಯ ತೂತಿಲ್ಲ. ಆದುದರಿಂದ ಇದನ್ನು ಹಿಡಿದು ಯಾರೂ ಪ್ರವಾಸ ಮಾಡಿಲ್ಲ. ಆಮೇಲೆ ಟಿಕೀಟನ್ನು ದೀಪಕ್ಕೆ ಓರೆಯಾಗಿ ಹಿಡಿದನು. “ಕಿಟಕಿಯಾಗ ಕೊಡೂ ಮುಂದ ಯಂತ್ರದಾಗ ಹಾಕಿ ತಾರೀಖು ಒತ್ತತಿದ್ರು, ಮುತ್ಯಾ. ಮಸಿ ಹೋದ್ರೂ ಒತ್ತಿದ ಗುರುತು ಇರ್ತೈತಿ” ಎಂದು ಭೂತಗನ್ನಡಿ ಹಿಡಿದು ಓದಿದನು: ಹದಿನಾಲ್ಕು, ಐದು, ಎಪ್ಪತ್ತಮೂರು.

“ಜನೇವರಿ ಇರಬೇಕು, ಸರಿಯಾಗಿ ನೋಡು” ಎಂದೆನು.

“ಇಲ್ಲ ಮುತ್ಯಾ. ಐದು. ಮೇ.”

ಕನ್ನಡಿಯನ್ನು ಕಸಿದು ನಾನೇ ನೋಡಿದೆನು. ಐದೇ ಇತ್ತು. ಅಪ್ಪ ಹೋಗಿ ಆಗಲೇ ನಾಲ್ಕು ತಿಂಗಳಾಗಿದ್ದವು. ಅಪ್ಪ ತೆಗೆಸಿದ ಟಿಕೀಟು ಅದಲ್ಲ. ಅವ್ವ ತಾನೇ ಹೋಗಿ ತೆಗೆಸಿದ ಟಿಕೀಟು.

“ಅವತ್ತು ಯಾವ ವಾರ?” ಎಂದು ಕೇಳಿದೆನು. ಹುಡುಗನು ಫೋನಿನಲ್ಲಿ ನೋಡಿ, “ಸೋಮವಾರ” ಎಂದನು.

ಆಗ ಆ ದಿನವು ನನ್ನ ಕಣ್ಣಮುಂದೆ ಎದ್ದುನಿಂತಿತು. ಬಿಸಿಲಿನ ದಿನಗಳ ಒಂದು ಸೋಮವಾರ ನಸುಕಿನಲ್ಲೆದ್ದು ಅವ್ವ, “ಲಚ್ಯಾಣಕ್ಕೆ ಮಹಾರಾಜರ ಮಠಕ್ಕೆ ಹೋಗಿಬರ್ತೀನಿ, ಕೂಸಿನ ಕಡೆ ನೋಡ್ಕೋ” ಎಂದು ಹೇಳಿ ಹೋಗಿದ್ದಳು. ಲಚ್ಯಾಣದ ಸಿದ್ಧಲಿಂಗ ಮಹಾರಾಜರ ಮಠಕ್ಕೆ ನಮ್ಮ ಮನೆಯವರು ನಡೆದುಕೊಳ್ಳುವುದುಂಟು. ಅದರಲ್ಲಿ ಹೊಸತೇನೂ ಇರಲಿಲ್ಲ. ತಂಗಿ ಅತ್ತು ಅತ್ತು ನೀಲಿಯಾದಳು. ಹೊತ್ತು ನೆತ್ತಿಗೇರಿದ ಮೇಲೆ ಅವ್ವ ಬಂದಳು. ಕಾಲು ಮೊಣಕಾಲಿನವರೆಗೆ ಧೂಳಾಗಿತ್ತು. ನಾನು ಕೈಯೊಡ್ಡಿ ಪ್ರಸಾದ ಕೇಳಿದೆನು. ಮಠಕ್ಕೆ ಹೋದವರು ಸಕ್ಕರೆಯನ್ನಾದರೂ ತರದೆ ಬರುತ್ತಿರಲಿಲ್ಲ. ಅವ್ವ ನನ್ನ ಮುಖ ನೋಡದೆ, “ಮರ್ತೆ” ಎಂದಳು. ಕೂಸನ್ನು ಎದೆಗೆ ಹಾಕಿಕೊಂಡು ಗೋಡೆಯ ಕಡೆಗೆ ತಿರುಗಿ ಕುಳಿತಳು. ಅಂದು ಪ್ರಸಾದ ತಪ್ಪಿದ ಸಿಟ್ಟು ಮಾತ್ರ ನನಗೆ ನೆನಪಿತ್ತು. ಉಳಿದುದಕ್ಕೆ ಅರ್ಥವೇ ಇರಲಿಲ್ಲ. ಐವತ್ತು ವರ್ಷ ದಾಟಿದ ಮೇಲೆ ಅರ್ಥವಾಯಿತು.

ಅವಳು ಗಾಡಿಯನ್ನು ಕಂಡಳೋ ಕಾಣಲಿಲ್ಲವೋ, ಗಾಡಿ ಬಂದು ನಿಂತಾಗ ಮೆಟ್ಟಲಿನ ಮೇಲೆ ಕಾಲಿಟ್ಟು ತಿರುಗಿದಳೋ, ಹಾಲು ತೊರೆದು ಕೂಸಿನ ನೆನಪಾಯಿತೋ ನಾನು ಹೇಳಲಾರೆ. ಅಕ್ಷರ ಬಾರದವಳು, ಎಂದೂ ಗಾಡಿ ಹತ್ತಿದವಳಲ್ಲ. ಮನೆಯಲ್ಲಿ ಕಾಳಿಗೆ ಕಾಸಿಲ್ಲದಾಗ ಎಲ್ಲಿಯ ಹಣ ಕೂಡಿಸಿದಳೋ. ಅಪ್ಪನ ಮಾತಿಗೆ ಉತ್ತರವು ಅವಳ ಪೆಟ್ಟಿಗೆಯಲ್ಲಿತ್ತು. ಅದನ್ನು ತೆಗೆದು ತೋರಿಸಿದ್ದರೆ ಆ ಮುಳ್ಳು ಅಂದೇ ಕಳಚುತ್ತಿತ್ತು. ಆದರೆ ಅರ್ಧ ದಾರಿಯಿಂದ ತಿರುಗಿದವಳು ತಾನು ಹೊರಟಿದ್ದೆನೆಂದು ಹೇಳಿಕೊಳ್ಳುವುದು ಅವಳ ಸ್ವಭಾವಕ್ಕೆ ಒಗ್ಗಲಿಲ್ಲವೇನೋ. ಅಪ್ಪ ಇದನ್ನು ತಿಳಿಯದೆಯೇ ಹೋದನು. ನಾನಾದರೂ ತಿಳಿದೆನಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಕು.

ಆ ರಾತ್ರಿ ಹುಡುಗನಿಗೆ ಎಲ್ಲವನ್ನೂ ಹೇಳಿದೆನು. ಅವನು ಟಿಕೀಟನ್ನು ಬೇಡುವನೆಂದು ಎಣಿಸಿದ್ದೆ, ಬೇಡಲಿಲ್ಲ. ಮರುದಿನ ಇಂಡಿಗೆ ಹೋಗಿ ಗಾಜಿನ ಚೌಕಟ್ಟು ತಂದು, ಅಂಟು ತಾಗದಂತೆ ಟಿಕೀಟನ್ನು ಅದರೊಳಗಿಟ್ಟು ನನ್ನ ಕೈಗೆ ಕೊಟ್ಟನು. ಅದನ್ನು ಅಪ್ಪನ ಪಟದ ಮಗ್ಗುಲಿಗೆ, ತಾರೀಖು ಕಾಣುವಂತೆ, ತೂಗಹಾಕಿದ್ದೇನೆ. ನನ್ನ ತರುವಾಯ ಅದು ಹುಡುಗನಿಗೇ ಸೇರತಕ್ಕದ್ದು.

ಹಳೆಯ ಗಾಡಿಗಳ ಹುಚ್ಚನ್ನು ನಾನೀಗ ಹಳಿಯುವುದಿಲ್ಲ. ಕೆಂಡ, ಧೂಳು, ಬೆನ್ನುನೋವುಗಳನ್ನು ಮರೆತು ಅಂದವನ್ನಷ್ಟೇ ನೆನೆಯುವುದು ಅರ್ಧಸತ್ಯವೆಂಬ ನನ್ನ ಮಾತು ಈಗಲೂ ಸುಳ್ಳಲ್ಲ. ಆದರೆ ಒಂದು ರಟ್ಟಿನ ತುಂಡಿನ ಅಳತೆಯನ್ನೂ ಅದರ ಮೇಲಿನ ಒತ್ತನ್ನೂ ಪ್ರೀತಿಯಿಂದ ತಿಳಿದುಕೊಂಡ ಹುಡುಗನಿದ್ದುದರಿಂದಲ್ಲವೇ ನನ್ನ ತಾಯಿಗೆ ನ್ಯಾಯ ದೊರೆತುದು? ನನಗೆ ಆ ಟಿಕೀಟು ಮೂವತ್ತು ವರ್ಷ ಕೈಯಲ್ಲಿತ್ತು. ನಾನು ಅದನ್ನು ಓದಿರಲಿಲ್ಲ. ವಾಚಕರ ಮನೆಗಳಲ್ಲಿಯೂ ತಾಯಂದಿರ ಪೆಟ್ಟಿಗೆಗಳಿರಬಹುದು. ಅವುಗಳ ತಳದಲ್ಲಿ ಸಿಕ್ಕುದನ್ನು ಬಿಸಾಡುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡಿರೆಂದು ಮಾತ್ರ ನನ್ನ ಬಿನ್ನಹ.